ಸುಣ್ಣ ಹಚ್ಚಿದ ಜಾಕಾಯಿ ಮತ್ತು ಬಂಡಾ ದ್ವೀಪಗಳು

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಅಡಿಕೆಯ ನಡುವೆ ಅಜ್ಜ ನೆಟ್ಟ ನಾಲ್ಕು ಜಾಕಾಯಿ ಮರಗಳಿವೆ. ಇನ್ನಷ್ಟು ಗಿಡ ಮಾಡೋಣವೆಂದು ಪೇಟೆಯ ಗ್ರಂಥಿಗೆ ಅಂಗಡಿಯಿಂದ ದಪ್ಪ ಜಾಕಾಯಿ ತಂದು ಬಿತ್ತಿದೆ, ಒಂದೂ ಮೊಳೆಯಲಿಲ್ಲ. ಹಿಂದೆ ಡಚ್ಚರು ಬೇರೆಯವರು ಬೆಳೆಯಬಾರದೆಂದು ಜಾಕಾಯಿಗೆ ಸುಣ್ಣ ಹಚ್ಚಿ ಮೊಳಕೆ ಕೊಲ್ಲುತ್ತಿದ್ದರು ಎಂದು ಪರಿಚಿತರೊಬ್ಬರು ಹೇಳಿದರು. ಬಂಡಾ ಎಂಬ ದ್ವೀಪಗಳ ಜನರನ್ನೇ ಜಾಕಾಯಿಗಾಗಿ ನಾಶ ಮಾಡಿದರಂತೆ, ಅಲ್ಲಿಯ ರನ್ ಎಂಬ ತುಂಡು ನೆಲಕ್ಕೆ ಬದಲಾಗಿ ನ್ಯೂಯಾರ್ಕನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರಂತೆ. ಇದರಲ್ಲಿ ಎಷ್ಟು ನಿಜ? ಅಷ್ಟು ಬಿಗಿಯಾದ ಕಾವಲಿನಿಂದ ಈ ಮರ ಹೊರಬಿದ್ದದ್ದು ಹೇಗೆ? ನಮ್ಮ ಕಾಡಿನ ರಾಂಪತ್ರೆಗೂ ಇದಕ್ಕೂ ನಂಟೇನಾದರೂ ಇದೆಯೇ?

ಉತ್ತರ: ನಿಮ್ಮ ಮೊಳೆಯದ ಜಾಕಾಯಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಂಡಾದ ಇತಿಹಾಸದ ಬಹುಪಾಲು ಆ ಬೀಜದ ಸ್ವಭಾವದಲ್ಲೇ ಅಡಗಿದೆ.

ನಿಮ್ಮ ತೋಟದ ಮರದಲ್ಲಿ ಕಾಯಿ ಬಲಿತು ಬಿರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ತಿಳಿಹಳದಿಯ ದಪ್ಪ ಸಿಪ್ಪೆ ಎರಡು ಹೋಳಾಗಿ ಬಾಯಿ ತೆರೆಯುತ್ತದೆ. ಒಳಗೆ ಕಪ್ಪುಗಂದು ಬಣ್ಣದ ಹೊಳೆಯುವ ಗಟ್ಟಿ ಚಿಪ್ಪು, ಅದರ ಮೈಮೇಲೆ ಬಲೆ ಹೆಣೆದಂತೆ ಹಬ್ಬಿದ ಕಡುಗೆಂಪು ಜಾಪತ್ರೆ. ಚಿಪ್ಪಿನೊಳಗಿನ ತಿರುಳೇ ನಾವು ಜಾಕಾಯಿ ಎಂದು ಕರೆಯುವ ಬೀಜ. ಬತ್ತ, ರಾಗಿ, ಹೆಸರುಗಳ ಬೀಜ ಒಣಗಿದಷ್ಟೂ ಬಾಳಿಕೆ ಬರುತ್ತದೆ. ಜಾಕಾಯಿಯ ಬೀಜಕ್ಕೆ ಒಣಗುವುದೆಂದರೆ ಸಾಯುವುದು. ಮರದಿಂದ ಬಿದ್ದ ಕೆಲವೇ ದಿನಗಳಲ್ಲಿ ತೇವದ ನೆಲ ಸಿಕ್ಕರೆ ಮೊಳೆಯುತ್ತದೆ, ಸಿಗದಿದ್ದರೆ ಒಳಗಿನ ಜೀವ ಆರಿಹೋಗುತ್ತದೆ. ಮಾರಾಟದ ಜಾಕಾಯಿಯನ್ನಾದರೋ, ಅಲುಗಿಸಿದರೆ ಚಿಪ್ಪಿನೊಳಗೆ ಗಲಗಲ ಸದ್ದು ಬರುವವರೆಗೆ ವಾರಗಟ್ಟಲೆ ಒಣಗಿಸಿ, ಆಮೇಲೆ ಚಿಪ್ಪು ಒಡೆದು ತಿರುಳನ್ನು ಹೊರತೆಗೆಯುತ್ತಾರೆ. ಬಂಡಾದಲ್ಲಿ ಈ ಕೆಲಸ ಸಣ್ಣ ಬೆಂಕಿಯ ಹೊಗೆಯ ಮೇಲಿನ ಅಟ್ಟಗಳಲ್ಲಿ ನಡೆಯುತ್ತಿತ್ತು. ಹೀಗೆ ಒಣಗಿದ, ಚಿಪ್ಪು ಕಳೆದ ಬೀಜ ಗ್ರಂಥಿಗೆ ಅಂಗಡಿಯನ್ನು ತಲುಪುವ ಮೊದಲೇ ಸತ್ತಿರುತ್ತದೆ; ಅದಕ್ಕೆ ಸುಣ್ಣ ತಗಲಿರಬೇಕೆಂದೇನೂ ಇಲ್ಲ.

ಡಚ್ ಈಸ್ಟ್ ಇಂಡಿಯಾ ಕಂಪನಿ ಜಾಕಾಯಿಯನ್ನು ಸುಣ್ಣದ ನೀರಿನಲ್ಲಿ ಅದ್ದಿ ಕಳಿಸುತ್ತಿದ್ದದ್ದು ಮಾತ್ರ ನಿಜ. ಹವಳವನ್ನೂ ಚಿಪ್ಪನ್ನೂ ಸುಟ್ಟು ಮಾಡಿದ ಸುಣ್ಣ ಅಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಮೊಳಕೆ ಕೊಲ್ಲುವ ಉದ್ದೇಶವಿತ್ತೆಂದು ಹಳೆಯ ಬರಹಗಳೂ ಹೇಳುತ್ತವೆ, ಕಂಪನಿಯವರಲ್ಲಿ ಕೆಲವರು ಹಾಗೆ ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಸುಣ್ಣದಿಂದ ದೊರೆಯುತ್ತಿದ್ದ ನಿಜವಾದ ಪ್ರಯೋಜನ ಹುಳುವಿನಿಂದ ರಕ್ಷಣೆ. ಜಾಕಾಯಿಗೆ ಕೊರೆಯುವ ಹುಳುವಿನ ಕಾಟ ಬಹಳ; ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಬಿದ್ದಿರುವ ಸರಕಿಗೆ ಇನ್ನೂ ಹೆಚ್ಚು. ಮುಂದೆ ಸುಣ್ಣದ ಅಗತ್ಯವೇ ಇಲ್ಲವೆಂದು ಗೊತ್ತಾದ ಮೇಲೂ, 19ನೇ ಶತಮಾನದಲ್ಲಿ ಕೆಲವು ಮಾರುಕಟ್ಟೆಗಳು ಬಿಳಿಪುಡಿ ಮೆತ್ತಿದ ಜಾಕಾಯಿಯನ್ನೇ ಬೇಡುತ್ತಿದ್ದವು. ಗ್ರಾಹಕರ ಕಣ್ಣಿಗೆ ಅದೇ ಅಸಲಿ ಮಾಲಿನ ಗುರುತಾಗಿಬಿಟ್ಟಿತ್ತು.

ಇನ್ನು ಆ ದ್ವೀಪಗಳ ವಿಷಯ. ಇಂಡೋನೇಷ್ಯಾದ ಪೂರ್ವಭಾಗದಲ್ಲಿ, ಸೆರಾಂ ಎಂಬ ದೊಡ್ಡ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 140 ಕಿ.ಮೀ. ದೂರದಲ್ಲಿ, ಕೆಲವೆಡೆ 7,000 ಮೀಟರಿಗೂ ಹೆಚ್ಚು ಆಳವಿರುವ ಬಂಡಾ ಸಮುದ್ರದ ನಡುವೆ ಹತ್ತು–ಹನ್ನೊಂದು ಪುಟ್ಟ ದ್ವೀಪಗಳು ತಲೆಯೆತ್ತಿವೆ. ಎಲ್ಲಕ್ಕಿಂತ ದೊಡ್ಡದಾದ ಲೋಂತೋರ್ ಸುಮಾರು 12 ಕಿ.ಮೀ. ಉದ್ದ, 3 ಕಿ.ಮೀ. ಅಗಲವಿದೆ. ಅದೂ ನೆಯಿರಾ ದ್ವೀಪವೂ ಹಳೆಯದೊಂದು ಜ್ವಾಲಾಮುಖಿಯ ಕುಸಿದ ಬಾಯಿಯಂಚಿನ ತುಂಡುಗಳು. ಇವೆರಡರ ಪಕ್ಕದಲ್ಲೇ ಈಗಲೂ ಜೀವಂತವಾಗಿರುವ ಗುನುಂಗ್ ಆಪಿ, ಅಂದರೆ ಅಗ್ನಿಪರ್ವತ, ಸಮುದ್ರದಿಂದ ನೇರವಾಗಿ 600 ಮೀಟರಿಗೂ ಮೇಲೆ ಎದ್ದು ನಿಂತಿದೆ. ಪಶ್ಚಿಮಕ್ಕೆ ತುಸು ದೂರದಲ್ಲಿರುವ ಆಯ್ ಮತ್ತು ರನ್ ದ್ವೀಪಗಳು ಸಮುದ್ರದೊಳಗಿಂದ ಮೇಲೆದ್ದ ಹವಳದ ದಿಣ್ಣೆಗಳು. ಸುತ್ತಲಿನ ಕಡಲಿನ ತೇವಗಾಳಿ, ಆಗಾಗ ಬೀಳುವ ಮಳೆ, ನೀರು ನಿಲ್ಲದ ಸಡಿಲ ಮಣ್ಣು, ಇವು ಜಾಕಾಯಿಗೆ ಹೇಳಿ ಮಾಡಿಸಿದಂತಿವೆ. ನಿಮ್ಮಲ್ಲಿ ಅಡಿಕೆ ಹೇಗೋ ಹಾಗೆ ಅಲ್ಲಿ ಕನಾರಿ ಎಂಬ ಬೃಹತ್ ಮರಗಳು ಜಾಕಾಯಿಗೆ ನೆರಳು ಕೊಡುತ್ತವೆ. ಅದರ ಬೀಜದ ತಿರುಳನ್ನು ಬಾದಾಮಿಯಂತೆ ಜನ ತಿನ್ನುತ್ತಾರೆ.

ಈ ಮರದ ಪ್ರಸಾರ ಹಕ್ಕಿಯನ್ನು ನಂಬಿಕೊಂಡಿದೆ. ಬಂಡಾದ ಕಾಡುಗಳಲ್ಲಿ ನಮ್ಮ ಊರಿನ ಪಾರಿವಾಳಕ್ಕಿಂತ ಬಹಳ ದೊಡ್ಡದಾದ ಹಣ್ಣುಬಾಕ ಪಾರಿವಾಳವೊಂದಿದೆ. ಬಿರಿದ ಕಾಯಿಯ ಕೆಂಪನ್ನು ಕಂಡು ಬರುವ ಅದು ಚಿಪ್ಪುಸಹಿತ ಬೀಜವನ್ನು ಇಡಿಯಾಗಿ ನುಂಗಿ, ಮೇಲಿನ ಜಾಪತ್ರೆಯನ್ನಷ್ಟೇ ಜೀರ್ಣಿಸಿಕೊಂಡು, ಬೀಜವನ್ನು ಬೇರೆಲ್ಲೋ ಹೊರಹಾಕುತ್ತದೆ. ನಾವು ಅಡುಗೆಗೆ ಬಳಸುವ ಜಾಪತ್ರೆ ಮರದ ಲೆಕ್ಕದಲ್ಲಿ ಈ ಹಕ್ಕಿಗೆ ಕೊಡುವ ಸಾಗಣೆಯ ಕೂಲಿ. ಒಣಗಿದರೆ ಸಾಯುವ ಬೀಜ ಕಡಲಿನಲ್ಲಿ ತೇಲಿಹೋಗಿ ದೂರದ ಕರೆಯಲ್ಲಿ ಬೇರೂರುವಂತಿಲ್ಲ, ಹಕ್ಕಿಯ ಹೊಟ್ಟೆಯಲ್ಲಿ ಹೋಗಬಹುದಾದ ದೂರಕ್ಕೂ ಮಿತಿಯಿದೆ. ಇದಿಷ್ಟರಿಂದಲೇ ಒಳ್ಳೆಯ ಜಾಕಾಯಿ ಶತಮಾನಗಳ ಕಾಲ ಈ ಕೆಲವೇ ದ್ವೀಪಗಳ ಸೊತ್ತಾಗಿ ಉಳಿಯಿತೆಂದು ನಾನು ಹೇಳಲಾರೆ. ಮನುಷ್ಯರ ಕೈವಾಡವನ್ನೂ ಸೇರಿಸಬೇಕು. ಆಯ್ ದ್ವೀಪದಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞರಿಗೆ ಸುಮಾರು 3,500 ವರ್ಷ ಹಳೆಯ ಮಡಕೆ ಚೂರುಗಳ ಮೇಲೆ ಜಾಕಾಯಿಯ ಅಂಶ ಸಿಕ್ಕಿದೆ. ಅಷ್ಟು ಕಾಲದಿಂದ ಈ ಮರದೊಡನೆ ಬಾಳಿದವರು ಒಳ್ಳೆಯ ಮರಗಳನ್ನು ಆರಿಸಿ ಉಳಿಸಿಕೊಂಡು ಬಂದಿರಲೇಬೇಕು.

ಯುರೋಪಿನವರು ಬರುವ ಬಹಳ ಮೊದಲೇ ಬಂಡಾದ ಜಾಕಾಯಿ ನಮ್ಮಲ್ಲಿಗೆ ಬರುತ್ತಿತ್ತೆಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಆಯುರ್ವೇದದ ಹಳೆಯ ಗ್ರಂಥಗಳಲ್ಲಿಯೂ ತಾಂಬೂಲದ ಸುಗಂಧದ್ರವ್ಯಗಳಲ್ಲಿಯೂ ಬರುವ ಜಾತೀಫಲವೇ ಇದು. ಮಲಯ ಭಾಷೆಯಲ್ಲಿ ಜಾಕಾಯಿಗಿರುವ ಪಾಲಾ ಎಂಬ ಹೆಸರು ಸಂಸ್ಕೃತದ ಫಲ ಶಬ್ದದಿಂದ ಬಂದದ್ದೆಂದು ಭಾಷಾವಿದರು ಹೇಳುತ್ತಾರೆ. ಜಾವಾ, ಮಲಯ, ಅರಬ್ ವ್ಯಾಪಾರಿಗಳ ಮೂಲಕ ಜಾಕಾಯಿ ಪಶ್ಚಿಮಕ್ಕೆ ಸಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಗುಜರಾತ್ ಮತ್ತು ಕೋರಮಂಡಲ ಕರಾವಳಿಯ ಹತ್ತಿಬಟ್ಟೆ, ಜಾವಾದ ಅಕ್ಕಿ, ನೆರೆದ್ವೀಪಗಳ ಸಾಗು ಎಂಬ ತಾಳೆಜಾತಿಯ ಮರದ ಹಿಟ್ಟು ಬಂಡಾಕ್ಕೆ ಹೋಗುತ್ತಿದ್ದವು. ದ್ವೀಪಗಳಲ್ಲಿ ರಾಜನಿರಲಿಲ್ಲ. ಒರಾಂಗ್ ಕಾಯಾ ಎಂದು ಕರೆಸಿಕೊಳ್ಳುತ್ತಿದ್ದ ಊರಿನ ಹಿರಿಯ ಸಿರಿವಂತರು ಕೂಡಿ ವ್ಯವಹಾರ ನಡೆಸುತ್ತಿದ್ದರು. ಒರಾಂಗ್ ಎಂದರೆ ಮನುಷ್ಯ. ಒರಾಂಗುಟಾನ್ ಎಂಬ ಕಾಡುಮನುಷ್ಯನ ಹೆಸರಿನಲ್ಲಿರುವುದೂ ಇದೇ ಪದ.

ಪೋರ್ಚುಗೀಸರು 1511ರಲ್ಲಿ ಮಲಕ್ಕಾವನ್ನು ಗೆದ್ದು 1512ರಲ್ಲಿ ಬಂಡಾ ತಲುಪಿದರು. ಅವರಿಂದ ಬಂಡಾದ ಬಾಳಿನಲ್ಲಿ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಬಂದ ಹಲವು ಗಿರಾಕಿಗಳಲ್ಲಿ ಅವರೂ ಒಬ್ಬರಾದರು. 1599ರಲ್ಲಿ ಬಂದ ಡಚ್ಚರಿಗೆ, ಅದರಲ್ಲೂ 1602ರಲ್ಲಿ ಅವರ ಕಂಪನಿ ಸ್ಥಾಪನೆಯಾದ ಮೇಲೆ, ಗಿರಾಕಿಯಾಗಿ ಇರುವುದಷ್ಟೇ ಸಾಲಲಿಲ್ಲ. ತಮ್ಮೊಬ್ಬರಿಗೇ, ತಾವು ಹೇಳಿದ ಬೆಲೆಗೇ ಮಾರಬೇಕೆಂಬ ಒಪ್ಪಂದಗಳಿಗೆ ಒರಾಂಗ್ ಕಾಯಾಗಳಿಂದ ಸಹಿ ಹಾಕಿಸಿಕೊಂಡರು. ಸಹಿ ಹಾಕಿದವರಿಗೆ ಆ ಕಾಗದದ ಭಾಷೆ ತಿಳಿಯದು; ಅದನ್ನು ಪಾಲಿಸುವುದಂತೂ ಅಸಾಧ್ಯ, ಏಕೆಂದರೆ ಡಚ್ಚರು ತರುತ್ತಿದ್ದ ಉಣ್ಣೆಬಟ್ಟೆ ಆ ಸೆಕೆಯಲ್ಲಿ ಯಾರಿಗೂ ಬೇಡ, ಅನ್ನ ತರುತ್ತಿದ್ದವರು ಜಾವಾದ ವ್ಯಾಪಾರಿಗಳು. ಅವರಿಗೆ ಜಾಕಾಯಿ ಮಾರುವುದನ್ನು ನಿಲ್ಲಿಸಿದರೆ ಒಲೆಯೇ ಹತ್ತದು. 1609ರಲ್ಲಿ ನೆಯಿರಾದಲ್ಲಿ ಕೋಟೆ ಕಟ್ಟಲು ಬಂದ ಅಡ್ಮಿರಲ್ ವೆರ್ಹೂವೆನ್ ಮತ್ತು ಅವನ ಸಂಗಡಿಗರನ್ನು ಬಂಡಾದವರು ಮಾತುಕತೆಗೆ ಕರೆದು ಕೊಂದರು. ಆ ದಂಡಿನೊಡನೆ ಬಂದಿದ್ದ ಯಾನ್ ಪೀಟರ್‌ಸೂನ್ ಕೂನ್ ಎಂಬ ತರುಣ ಅಧಿಕಾರಿ ಇದನ್ನು ಮರೆಯಲಿಲ್ಲ.

ಹನ್ನೆರಡು ವರ್ಷಗಳ ನಂತರ, 1621ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಕೂನ್ ದೊಡ್ಡ ನೌಕಾದಳದೊಂದಿಗೆ, ಸಾವಿರದ ಆರುನೂರಕ್ಕೂ ಹೆಚ್ಚು ಡಚ್ ಸೈನಿಕರು ಮತ್ತು ಜಪಾನಿನ ಬಾಡಿಗೆ ಯೋಧರ ಸಮೇತ, ಲೋಂತೋರಿನ ಮೇಲೆ ಇಳಿದ. ದ್ವೀಪ ಕೆಲವೇ ದಿನಗಳಲ್ಲಿ ಬಿತ್ತು. ಊರುಗಳನ್ನು ಸುಟ್ಟರು, ಬೆಟ್ಟದ ಮೇಲಕ್ಕೆ ಓಡಿದವರನ್ನು ಅನ್ನನೀರಿಲ್ಲದೆ ಸಾಯಬಿಟ್ಟರು, ಶರಣಾಗುವುದಕ್ಕಿಂತ ಕಡಿದಾದ ಬಂಡೆಗಳಿಂದ ಹಾರಿ ಸತ್ತವರೂ ಇದ್ದರು. ಮೇ 8ರಂದು ನಸಾವ್ ಕೋಟೆಯ ಹೊರಗೆ ಬಿದಿರಿನ ಬೇಲಿಯೊಳಗೆ 44 ಒರಾಂಗ್ ಕಾಯಾಗಳನ್ನು ನಿಲ್ಲಿಸಿ ಜಪಾನೀ ಯೋಧರ ಕತ್ತಿಗಳಿಂದ ಕಡಿಸಲಾಯಿತು. ಇದನ್ನು ನೋಡಿದ ಡಚ್ ಅಧಿಕಾರಿಯೊಬ್ಬನೇ ಅಸಹ್ಯಪಟ್ಟು ಬರೆದಿಟ್ಟಿದ್ದಾನೆ. ಸುಮಾರು 15,000 ಜನರಿದ್ದ ದ್ವೀಪಗಳಲ್ಲಿ ಉಳಿದವರು ಸಾವಿರದ ಆಸುಪಾಸು ಎಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. 789 ಮಂದಿಯನ್ನು, ಮುದುಕರು, ಹೆಂಗಸರು, ಮಕ್ಕಳೆನ್ನದೆ, ಬಟಾವಿಯಾಕ್ಕೆ ಅಂದರೆ ಇಂದಿನ ಜಕಾರ್ತಕ್ಕೆ ಸಾಗಿಸಿದರು. ಕಂಪನಿಯ ನಿರ್ದೇಶಕರು ಕೂನನಿಗೆ ಇನ್ನಷ್ಟು ಸಂಯಮ ಬೇಕಿತ್ತೆಂದು ಮೆದುವಾಗಿ ಬುದ್ಧಿ ಹೇಳಿದರು, ಅಷ್ಟೇ. ಅವನ ಹುಟ್ಟೂರಾದ ಹೋರ್ನ್‌ನಲ್ಲಿ 1893ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇಂದಿಗೂ ಅಲ್ಲೇ ಇದೆ. 2011ರಲ್ಲಿ ಕ್ರೇನ್ ತಗಲಿ ಉರುಳಿದಾಗ ಮತ್ತೆ ನಿಲ್ಲಿಸಬೇಕೇ ಬೇಡವೇ ಎಂದು ಆ ಊರಿನಲ್ಲಿ ವಾದವೆದ್ದು, ಕೊನೆಗೆ ಅವನ ಕೃತ್ಯಗಳನ್ನೂ ಹೇಳುವ ಫಲಕದೊಂದಿಗೆ ಅದನ್ನು ಉಳಿಸಿಕೊಂಡರು.

ನಿಮ್ಮ ಪರಿಚಿತರು ಜನರ ನಾಶದ ಬಗ್ಗೆ ಹೇಳಿದ್ದರಲ್ಲಿ ಹೀಗೆ ಉತ್ಪ್ರೇಕ್ಷೆಯೇನೂ ಇಲ್ಲ. ಆದರೆ ಬಂಡಾದವರು ಪೂರ್ತಿ ಅಳಿದುಹೋದರೆಂದು ಬರೆಯುವುದು ತಪ್ಪು. ದೋಣಿ ಹತ್ತಿ ಪೂರ್ವದ ಕೇಯ್ ದ್ವೀಪಗಳಿಗೆ ತಪ್ಪಿಸಿಕೊಂಡವರು ಅಲ್ಲಿ ಬಂಡಾ ಎಲಿ, ಬಂಡಾ ಎಲತ್ ಎಂಬ ಊರುಗಳನ್ನು ಕಟ್ಟಿಕೊಂಡರು. ನಾನೂರು ವರ್ಷಗಳ ಹಿಂದಿನ ಬಂಡಾದ ಭಾಷೆಯನ್ನು ಈಗಲೂ ಆಡುವವರು ಅವರೇ. ಬಂಡಾ ದ್ವೀಪಗಳಲ್ಲಿಯೇ ಅದು ಕೇಳಿಸುವುದಿಲ್ಲ. ಈ ಒಂದು ಸಂಗತಿ ನನ್ನನ್ನು ಉಳಿದೆಲ್ಲ ಅಂಕಿಸಂಖ್ಯೆಗಳಿಗಿಂತ ಹೆಚ್ಚು ಕಲಕುತ್ತದೆ.

ಜನರಿಲ್ಲದ ತೋಟಗಳನ್ನು ಕಂಪನಿ 68 ಪಾಲು ಮಾಡಿತು. ಪರ್ಕ್ ಎಂಬ ಈ ಹಿಡುವಳಿಗಳಲ್ಲಿ 34 ಲೋಂತೋರಿನಲ್ಲಿ, 31 ಆಯ್ ದ್ವೀಪದಲ್ಲಿ, 3 ನೆಯಿರಾದಲ್ಲಿದ್ದವು. ಇವನ್ನು ಪಡೆದವರು ಪರ್ಕೆನಿಯರ್‌ಗಳು, ಹೆಚ್ಚಿನವರು ಕಂಪನಿಯ ಹಳೆಯ ನೌಕರರು. ದುಡಿಯಲು ಇಂಡೋನೇಷ್ಯಾದ ಬೇರೆ ದ್ವೀಪಗಳಿಂದ, ಭಾರತದ ಕರಾವಳಿಗಳಿಂದಲೂ, ಗುಲಾಮರನ್ನು ತಂದರು. ಆದರೆ ಯಾವ ಮರ ಗಂಡು, ಯಾವುದು ಹೆಣ್ಣು, ಯಾವ ಕಾಯಿ ಯಾವಾಗ ಕೊಯ್ಯಬೇಕು, ಹೊಗೆ ಎಷ್ಟು ಹಿಡಿಸಬೇಕು ಎಂಬುದು ಈ ಹೊಸಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಡೀಪಾರಾದ ಬಂಡಾದವರಲ್ಲೇ ಕೆಲವರನ್ನು ವಾಪಸು ಕರೆತಂದು, ಅವರದೇ ಆಗಿದ್ದ ತೋಟಗಳಲ್ಲಿ ಗುಲಾಮರಾಗಿ ನಿಲ್ಲಿಸಿ, ಅವರಿಂದ ಈ ವಿದ್ಯೆಯನ್ನು ಕಲಿತರು.

ರನ್ ಮತ್ತು ನ್ಯೂಯಾರ್ಕಿನ ಕತೆಗೆ ಇಲ್ಲಿ ಸ್ವಲ್ಪ ತಿದ್ದುಪಡಿ ಬೇಕು. ಮೂರು ಕಿ.ಮೀ. ಉದ್ದದ, ಕುಡಿಯುವ ನೀರಿನ ಸೆಲೆಯೂ ಇಲ್ಲದ ರನ್ ದ್ವೀಪವನ್ನು ನಥಾನಿಯಲ್ ಕೋರ್ಟ್‌ಹೋಪ್ ಎಂಬ ಇಂಗ್ಲಿಷ್ ಕಪ್ತಾನ 1616ರಿಂದ 1620ರಲ್ಲಿ ಸಾಯುವವರೆಗೆ ದ್ವೀಪವಾಸಿಗಳ ನೆರವಿನಿಂದ ಕಾದುಕೊಂಡಿದ್ದ. ಆಮೇಲೆ ಅದು ಡಚ್ಚರ ಕೈಸೇರಿತು. 1654ರ ಒಪ್ಪಂದದಲ್ಲಿ ಕಾಗದದ ಮೇಲೆ ಇಂಗ್ಲಿಷರಿಗೆ ಮರಳಿ, 1665ರಲ್ಲಿ ನಿಜವಾಗಿ ಅವರ ವಶಕ್ಕೆ ಬಂದಾಗ ಅಲ್ಲಿ ಜಾಕಾಯಿ ಮರಗಳೇ ಇರಲಿಲ್ಲ. ಡಚ್ಚರು ಮೊದಲೇ ಕಡಿದುಹಾಕಿದ್ದರು. ಅಷ್ಟರಲ್ಲಿ ಮತ್ತೊಂದು ಯುದ್ಧ ಶುರುವಾಗಿ ಡಚ್ಚರು ರನ್ ಅನ್ನು ಪುನಃ ಹಿಡಿದರು. ಇತ್ತ ಅಮೆರಿಕದಲ್ಲಿ ಇಂಗ್ಲಿಷರು 1664ರಲ್ಲೇ, ಮುಂದೆ ನ್ಯೂಯಾರ್ಕ್ ಆದ ಮ್ಯಾನ್‌ಹಟನ್ನಿನ ಡಚ್ ವಸಾಹತನ್ನು ಕಿತ್ತುಕೊಂಡಿದ್ದರು. 1667ರ ಜುಲೈ 31ರಂದು ಬ್ರೆಡಾದಲ್ಲಿ ಆದ ಒಪ್ಪಂದ, ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಇರಲಿ ಎಂದಿತು. ಹಾಗಾಗಿ ಇದು ಎರಡು ನೆಲಗಳನ್ನು ತಕ್ಕಡಿಯಲ್ಲಿಟ್ಟು ಮಾಡಿದ ವಿನಿಮಯವಲ್ಲ. ಆ ಲೆಕ್ಕದಲ್ಲಿ ಡಚ್ಚರಿಗೆ ದಕ್ಷಿಣ ಅಮೆರಿಕದ ಸುರಿನಾಮ್ ಕೂಡ ಉಳಿಯಿತು. 1673ರಲ್ಲಿ ಡಚ್ಚರು ನ್ಯೂಯಾರ್ಕನ್ನು ಮತ್ತೆ ಗೆದ್ದು, 1674ರಲ್ಲಿ ಬಿಟ್ಟುಕೊಟ್ಟ ಮೇಲೆಯೇ ಅದು ಇತ್ಯರ್ಥವಾದದ್ದು.

ಮರ ಹೊರಬಿದ್ದದ್ದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಕಂಪನಿಯ ನೀತಿ ಸರಳವಾಗಿತ್ತು: ತನ್ನ ಕಣ್ಣಳತೆಯಲ್ಲಿರುವ ಮರ ಮಾತ್ರ ಉಳಿಯಬೇಕು. ಲವಂಗದ ವಿಷಯದಲ್ಲಿಯೂ ಹೀಗೆಯೇ, 1652ರಲ್ಲಿ ತೆರ್ನಾತೆಯ ಸುಲ್ತಾನನಿಗೆ ಹಣ ಕೊಟ್ಟು ಒಪ್ಪಿಸಿ, ಆಂಬೋನ್ ಮತ್ತು ಅದರ ನೆರೆಯ ದ್ವೀಪಗಳನ್ನು ಬಿಟ್ಟು ಬೇರೆಡೆಯ ಲವಂಗದ ಮರಗಳನ್ನೆಲ್ಲ ಕಡಿಸಲಾಯಿತು. ಹೊಂಗಿ ಎಂದು ಕರೆಯುತ್ತಿದ್ದ ಹುಟ್ಟುದೋಣಿಗಳ ದಂಡು ವರ್ಷವರ್ಷವೂ ದ್ವೀಪದಿಂದ ದ್ವೀಪಕ್ಕೆ ಹೋಗಿ ಕದ್ದು ಬೆಳೆದ ಮರ ಹುಡುಕುತ್ತಿತ್ತು. ಆದರೆ ಕಾಡಿನ ಪಾರಿವಾಳ ಕಂಪನಿಯ ಆಜ್ಞೆಗೆ ಒಳಪಟ್ಟಿರಲಿಲ್ಲ. ಅದು ನುಂಗಿದ ಬೀಜ ಎಲ್ಲಿ ಬೀಳುತ್ತದೆ, ಯಾವ ಕಣಿವೆಯಲ್ಲಿ ಮೊಳೆಯುತ್ತದೆ ಎಂಬುದನ್ನು ಯಾವ ಕಾವಲುಗಾರನೂ ತಡೆಯಲಾರ. ದೂರದ ದ್ವೀಪಗಳ ಜನರೂ ಬೆಟ್ಟಗಳ ಒಳಗೆ ಅಲ್ಲೊಂದು ಇಲ್ಲೊಂದು ಮರ ಉಳಿಸಿಕೊಂಡಿದ್ದರು.

ಕಂಪನಿ ಮುಚ್ಚಿಟ್ಟದ್ದು ಮರಗಳನ್ನಷ್ಟೇ ಅಲ್ಲ, ತಿಳಿವಳಿಕೆಯನ್ನು ಕೂಡ. ಆಂಬೋನಿನಲ್ಲಿ ಕಂಪನಿಯ ನೌಕರನಾಗಿದ್ದ ಜರ್ಮನ್ ಮೂಲದ ರುಂಫಿಯಸ್ ಆ ದ್ವೀಪಗಳ ಸಾವಿರಕ್ಕೂ ಹೆಚ್ಚು ಸಸ್ಯಗಳನ್ನು ವಿವರಿಸಿ ಒಂದು ಮಹಾಗ್ರಂಥ ಬರೆದ. 1670ರಲ್ಲಿ ಅವನ ಕಣ್ಣು ಹೋಯಿತು. 1674ರ ಭೂಕಂಪ ಹೆಂಡತಿಯನ್ನೂ ಮಗಳನ್ನೂ ಬಲಿ ತೆಗೆದುಕೊಂಡಿತು. 1687ರ ಬೆಂಕಿಯಲ್ಲಿ ಅವನ ಚಿತ್ರಗಳು ಸುಟ್ಟುಹೋದವು. ಮತ್ತೆ ಬರೆಸಿ ಕಳಿಸಿದ ಹಸ್ತಪ್ರತಿ 1692ರಲ್ಲಿ ಹಡಗಿನೊಂದಿಗೆ ಮುಳುಗಿತು. ಬಟಾವಿಯಾದಲ್ಲಿ ಅದರ ನಕಲೊಂದನ್ನು ಮಾಡಿಸಿ ಇಟ್ಟಿದ್ದರಿಂದ ಕೆಲಸ ಪೂರ್ತಿ ವ್ಯರ್ಥವಾಗಲಿಲ್ಲ. ರುಂಫಿಯಸ್ 1702ರಲ್ಲಿ ತೀರಿಕೊಂಡ. ಗ್ರಂಥ ಅಚ್ಚಾಗತೊಡಗಿದ್ದು 1741ರಲ್ಲಿ. ಸಂಬಾರ ಪದಾರ್ಥಗಳ ವಿವರ ಎದುರಾಳಿಗಳ ಕೈಸೇರೀತೆಂಬ ಭಯ ಈ ವಿಳಂಬದಲ್ಲಿ ದೊಡ್ಡ ಪಾಲು ಪಡೆದಿತ್ತು. ಅದೇ ಕಂಪನಿಯ ಕೊಚ್ಚಿಯ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುದನ್ ಮೊದಲಾದ ಮಲಯಾಳಿ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ಮಲಬಾರಿನ ಸಸ್ಯಗ್ರಂಥ 1678ರಿಂದಲೇ ಅಚ್ಚಾಗುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಬೇಲಿಯನ್ನು ಮೊದಲು ದಾಟಿದವರು ಫ್ರೆಂಚರು. ಪಿಯರ್ ಪ್ವಾವ್ರ್ 1745ರಲ್ಲಿ ಇಂಗ್ಲಿಷರೊಡನೆ ನಡೆದ ಕಡಲ ಕಾಳಗದಲ್ಲಿ ಬಲಗೈ ಕಳೆದುಕೊಂಡವನು. ಅಲ್ಲಿಂದ ಮುಂದೆ ಜೀವಮಾನವಿಡೀ ಜಾಕಾಯಿ, ಲವಂಗಗಳ ಸಸಿಗಾಗಿ ಹಂಬಲಿಸಿದ. ಅವನು ಮೊದಲು ಮಾರಿಷಸ್ಸಿಗೆ ತಂದ ಗಿಡಗಳು ಅಸಲಿ ಜಾಕಾಯಿಯೇ ಅಲ್ಲವೆಂದು ಅಲ್ಲಿದ್ದ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಹೇಳಿ ಕಹಿ ವಿವಾದವಾಯಿತು. 1767ರಲ್ಲಿ ಅವನೇ ಆ ದ್ವೀಪದ ಆಡಳಿತಾಧಿಕಾರಿಯಾಗಿ ಮರಳಿ, ಕಳಿಸಿದ ಹಡಗುಗಳು 1770ರ ಜೂನಿನಲ್ಲಿ ಜಾಕಾಯಿ ಮತ್ತು ಲವಂಗದ ಸಸಿಗಳನ್ನು ಹೊತ್ತು ಬಂದವು. ಅವು ಸಿಕ್ಕಿದ್ದು ಕೋಟೆಗಳ ಕಾವಲಿದ್ದ ಬಂಡಾದಲ್ಲಿ ಅಲ್ಲ. ಉತ್ತರಕ್ಕೆ ಬಹುದೂರದ ಗೇಬೆ ದ್ವೀಪದಲ್ಲಿ, ಸ್ಥಳೀಯರ ಕೈಯಿಂದ. ಒಣಗಿದ ಬೀಜದ ಮೂಟೆಯಿಂದ ಪ್ರಯೋಜನವಿಲ್ಲವೆಂದು ಅವರು ಬಲ್ಲವರಾಗಿದ್ದರು. ಮಣ್ಣು ತುಂಬಿದ ಪೆಟ್ಟಿಗೆಗಳಲ್ಲಿ ಮೊಳೆತ ಗಿಡಗಳನ್ನೇ ಸಾಗಿಸಿದರು.

ಆಮೇಲಿನದು ಬೇಗ ನಡೆಯಿತು. ಬ್ರಿಟಿಷರು 1796ರಲ್ಲಿ ಬಂಡಾವನ್ನು ಹಿಡಿದು, ಕ್ರಿಸ್ಟೋಫರ್ ಸ್ಮಿತ್ ಎಂಬ ಸಸ್ಯತಜ್ಞನ ಮೂಲಕ ಸಾವಿರಾರು ಸಸಿಗಳನ್ನು ಪೆನಾಂಗ್ ಮುಂತಾದೆಡೆಗೆ ಕಳಿಸಿದರು. 1810ರಲ್ಲಿ ಎರಡನೆಯ ಸಲ ಹಿಡಿದರು. ಪೆನಾಂಗ್, ಸಿಂಗಪುರಗಳ ತೋಟಗಳು 1860ರ ಹೊತ್ತಿಗೆ ರೋಗಕ್ಕೆ ಬಲಿಯಾದರೂ, 1843ರಲ್ಲಿ ಕೆರಿಬಿಯನ್ನಿನ ಗ್ರೆನಡಾಕ್ಕೆ ಹೋದ ಜಾಕಾಯಿ ಅಲ್ಲಿ ಎಷ್ಟು ಒಗ್ಗಿತೆಂದರೆ ಆ ದೇಶದ ಬಾವುಟದಲ್ಲೇ ಅದರ ಕಾಯಿಯ ಚಿತ್ರವಿದೆ; 2004ರ ಐವಾನ್ ಚಂಡಮಾರುತ ಅಲ್ಲಿಯ ಬಹುಪಾಲು ಮರಗಳನ್ನು ಉರುಳಿಸಿತು. ನಮ್ಮ ದಕ್ಷಿಣ ಭಾರತದ ತೋಟಗಳಲ್ಲಿ ಜಾಕಾಯಿ ನೆಲೆಯೂರಿದ್ದು ಕೂಡ ಬಂಡಾದ ಬೇಲಿ ಮುರಿದ ಈ ಕಾಲದ ನಂತರದ ಕತೆಯೇ.

1857ರಲ್ಲಿ ಬಂಡಾಕ್ಕೆ ಬಂದ ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಕನಾರಿಯ ನೆರಳಿನ ಜಾಕಾಯಿ ತೋಪುಗಳನ್ನೂ ಆ ದೊಡ್ಡ ಪಾರಿವಾಳವನ್ನೂ ಮೆಚ್ಚಿ ಬರೆದಿದ್ದಾನೆ. ಹಾಗೆಯೇ, ಜಾಕಾಯಿ ಬಡವರ ಅಗತ್ಯ ವಸ್ತುವಲ್ಲವಾದ್ದರಿಂದ ಡಚ್ಚರ ಏಕಸ್ವಾಮ್ಯದಲ್ಲಿ ತಪ್ಪೇನಿಲ್ಲವೆಂದೂ ವಾದಿಸಿದ್ದಾನೆ. ನಿಸರ್ಗವನ್ನು ನೋಡುವುದರಲ್ಲಿ ಅವನ ಕಣ್ಣಿಗೆ ಸಾಟಿಯಿಲ್ಲ. ಈ ವಾದವನ್ನು ಮಾತ್ರ ನಾನು ಒಪ್ಪಲಾರೆ. ಕೊಳ್ಳುವವರಿಗೆ ಅದು ವಿಲಾಸದ ವಸ್ತುವಾಗಿದ್ದರೂ ಬೆಳೆಯುವವರಿಗೆ ಅನ್ನವಾಗಿತ್ತು, ಅವನು ನಡೆದಾಡಿದ ತೋಪುಗಳಲ್ಲಿ ಆಗಿನ್ನೂ ಗುಲಾಮಗಿರಿ ಇತ್ತು. ಅದು ಕಾನೂನಿನಲ್ಲಿ ಕೊನೆಗೊಂಡದ್ದು 1860ರಲ್ಲಿ.

ಇಂದಿನ ಬಂಡಾದಲ್ಲಿರುವವರು ಬೇರೆ ಬೇರೆ ದ್ವೀಪಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಜಾಕಾಯಿ ಈಗಲೂ ಇದೆ. ನಿಮ್ಮ ಕಡೆ ಸಿಪ್ಪೆಯಿಂದ ಉಪ್ಪಿನಕಾಯಿ ಮಾಡುವಂತೆ ಅಲ್ಲಿ ಅದನ್ನು ಸಕ್ಕರೆಯಲ್ಲಿ ಹಾಕಿ ಸಿಹಿ ಮಾಡುತ್ತಾರೆ. ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟದ ನಾಯಕರಾದ ಹತ್ತಾ ಮತ್ತು ಶಹರಿರ್ ಅವರನ್ನು ಡಚ್ ಸರ್ಕಾರ 1936ರಿಂದ 1942ರವರೆಗೆ ಗಡೀಪಾರು ಮಾಡಿ ಇಟ್ಟದ್ದು ನೆಯಿರಾದಲ್ಲಿ. ಎರಡು ದ್ವೀಪಗಳಿಗೆ ಈಗ ಅವರ ಹೆಸರಿದೆ. 1988ರಲ್ಲಿ ಗುನುಂಗ್ ಆಪಿ ಸಿಡಿದು ಲಾವಾ ಸಮುದ್ರಕ್ಕೆ ಹರಿದು, ಅಲ್ಲಿಯ ಹವಳವನ್ನೆಲ್ಲ ಹೂತುಹಾಕಿತು. ಐದೇ ವರ್ಷಗಳಲ್ಲಿ ಆ ಕರಿಯ ಲಾವಾದ ಮೇಲೆ 124 ಜಾತಿಯ ಹವಳಗಳು ಬೆಳೆದಿದ್ದನ್ನೂ ಕೆಲವು 90 ಸೆಂ.ಮೀ.ಗೂ ಅಗಲವಾಗಿದ್ದನ್ನೂ ಸಂಶೋಧಕರು ಕಂಡು ಬೆರಗಾದರು.

ಇನ್ನು ರಾಂಪತ್ರೆ. ಅದು ಜಾಕಾಯಿಯ ದಾಯಾದಿ. ಎರಡೂ ಮಿರಿಸ್ಟಿಕಾ ಎಂಬ ಒಂದೇ ಕುಲದವು. ಅದರ ಪತ್ರೆಗೆ ಪರಿಮಳ ಕಡಿಮೆ, ಆದರೂ ಬಾಂಬೆ ಜಾಪತ್ರೆ ಎಂಬ ಹೆಸರಿನಲ್ಲಿ ಬಹಳ ಹಿಂದಿನಿಂದ ವ್ಯಾಪಾರದಲ್ಲಿದೆ, ಅಸಲಿ ಜಾಪತ್ರೆಗೆ ಬೆರಕೆಯಾಗಿಯೂ ಸೇರುತ್ತದೆ. ನಿಮಗೆ ಹತ್ತಿರದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಇದೇ ಬಳಗದ ಇನ್ನಷ್ಟು ಅಪರೂಪದ ಮರಗಳಿವೆ. ವರ್ಷವಿಡೀ ಹರಿಯುವ ತೆಳುನೀರಿನಲ್ಲಿ ಕೆಲವು ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತಿವೆ, ಕೆಲವು ಕೆಸರಿನಿಂದ ಮಂಡಿಯಂತೆ ಮಡಚಿದ ಬೇರುಗಳನ್ನು ಉಸಿರಾಟಕ್ಕಾಗಿ ಮೇಲೆತ್ತಿವೆ. ಬಂಡಾದಲ್ಲಿ ಪಾರಿವಾಳ ಮಾಡುವ ಕೆಲಸವನ್ನು ಇಲ್ಲಿ ಮುಖ್ಯವಾಗಿ ಮಂಗಟ್ಟೆ ಹಕ್ಕಿ ಮಾಡುತ್ತದೆ: ಬೀಜ ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ದೂರದಲ್ಲಿ ಉಗುಳುತ್ತದೆ. ಬಲಿಯುವ ಮೊದಲೇ ಕೊಂಬೆ ಕಡಿದು ರಾಂಪತ್ರೆ ಕೊಯ್ಯುವ ಕೆಟ್ಟ ರೂಢಿ ಕೆಲವೆಡೆ ಇದೆ. ಅದರಿಂದ ಮರಕ್ಕೂ ಹಾನಿ, ಹಕ್ಕಿಗೂ ಹಸಿವು. ನಿಮ್ಮ ಬೆಟ್ಟದಲ್ಲಿ ರಾಂಪತ್ರೆ ಮರಗಳಿದ್ದರೆ ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಹೊಸ ಗಿಡಕ್ಕೆ ಅಂಗಡಿಯ ಜಾಕಾಯಿ ಬೇಡ. ನಿಮ್ಮ ಅಜ್ಜನ ಮರಗಳಲ್ಲಿ ಚೆನ್ನಾಗಿ ಕಾಯಿ ಬಿಡುವ ಒಂದನ್ನು ಗುರುತಿಸಿ, ತಾನಾಗಿ ಬಿರಿದ ಕಾಯಿಯ ಬೀಜ ತೆಗೆದು, ಜಾಪತ್ರೆ ಬಿಡಿಸಿ, ಚಿಪ್ಪು ಒಡೆಯದೆ, ಅಂದೇ ಅಥವಾ ಮರುದಿನ ನೆರಳಿನಲ್ಲಿ ತೇವದ ಮರಳಿನ ಪಾತಿಯಲ್ಲಿ ಊರಿ. ಮೊಳಕೆಗೆ ಒಂದು ತಿಂಗಳಿನಿಂದ ಮೂರು ತಿಂಗಳಾದರೂ ಹಿಡಿಯುತ್ತದೆ, ಪಾತಿ ಒಣಗಲು ಬಿಡಬಾರದು. ಬೀಜದ ಗಿಡಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದು ಆರೆಂಟು ವರ್ಷ ಕಳೆದು ಹೂ ಬಿಟ್ಟಾಗಲೇ ಗೊತ್ತಾಗುವುದರಿಂದ, ಆ ಸಸಿಗಳಿಗೋ ಕಾಡಿನ ರಾಂಪತ್ರೆಯ ಸಸಿಗಳಿಗೋ ಹೆಣ್ಣುಮರದ ಕಡ್ಡಿಯಿಂದ ಕಸಿ ಕಟ್ಟುವುದು ಉತ್ತಮ. ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದ ಆರಿಸಿಕೊಳ್ಳಿ. ಅಡ್ಡಕೊಂಬೆಯ ಕಡ್ಡಿ ಮರವಾಗದೆ ಪೊದೆಯಂತೆ ಹರಡಿಕೊಳ್ಳುತ್ತದೆ. ಹತ್ತು ಹೆಣ್ಣುಮರಗಳಿಗೆ ಒಂದು ಗಂಡುಮರವನ್ನು ಮರೆಯದೆ ಉಳಿಸಿಕೊಳ್ಳಿ.